ಗೃಹಯಂತ್ರವೂ ಒಂದು ತಂತ್ರಾಂಶವೂ

ಕನ್ನಡನಾಡಿನ ಅಡುಗೆಮನೆಗಳಲ್ಲಿ ‘ವಿಮ್’ ಎಂದೊಡನೆ ನೆನಪಾಗುವುದು ಪಾತ್ರೆ ಬೆಳಗುವ ಸಾಬೂನು. ಗಣಕಯಂತ್ರಕ್ಕೆ ಆದೇಶಗಳನ್ನು ಬರೆದು ತಿದ್ದುವವರ ವಲಯದಲ್ಲಾದರೋ ಅದೇ ಹೆಸರು ಒಂದು ಸಂಪಾದನ ತಂತ್ರಾಂಶಕ್ಕೆ ಸಲ್ಲುತ್ತದೆ. ಅದರ ಕರ್ತೃ ನೆದರ್ಲೆಂಡ್ಸ್ ದೇಶದ ಬ್ರಾಮ್ ಮೋಲೆನಾರ್.

1988ರ ಸುಮಾರಿಗೆ ಅವರು ‘ಅಮಿಗಾ’ ಎಂಬ ಗಣಕಯಂತ್ರವನ್ನು ಮನೆಗೆ ತಂದರು. 1976ರಲ್ಲಿ ಬಿಲ್ ಜಾಯ್ ಅವರು ಬರ್ಕ್ಲಿಯಲ್ಲಿ ರಚಿಸಿದ ‘ವಿಐ’ ಎಂಬ ಸಂಪಾದನ ಸಾಧನ ಮೋಲೆನಾರರ ಕೈಗೆ ರೂಢಿಯಾಗಿತ್ತು; ಹೊಸ ಗೃಹಯಂತ್ರದಲ್ಲಿ ಅದು ಇರಲಿಲ್ಲ. ಅಂಗಡಿಯಲ್ಲಿ ದೊರೆಯದ ಉಪಕರಣವನ್ನು ತಾನೇ ಕೆತ್ತಿಕೊಳ್ಳುವ ಗೃಹಸ್ಥನಂತೆ, ‘ಸ್ಟೀವಿ’ ಎಂಬ ಮತ್ತೊಬ್ಬರ ಕೃತಿಯನ್ನು ಆಧಾರವಾಗಿರಿಸಿಕೊಂಡು ಅವರು ತಿದ್ದತೊಡಗಿದರು. 1991ರಲ್ಲಿ ಅದು ಲೋಕಕ್ಕೆ ಬಂದಿತು. ಮೊದಲು ಅದರ ಹೆಸರು ‘ವಿಐ ಇಮಿಟೇಶನ್’, ಎಂದರೆ ಅನುಕರಣ; ಅನಂತರ ‘ವಿಐ ಇಂಪ್ರೂವ್ಡ್’, ಎಂದರೆ ಪರಿಷ್ಕೃತ. ಹ್ರಸ್ವನಾಮ ಕೆಡದೆ ಅರ್ಥವಷ್ಟೇ ಏರಿತು. ವೈಯಾಕರಣರೂ ತಲೆದೂಗಬಹುದಾದ ಜಾಣ್ಮೆಯಿದು.

ಮಿಕ್ಸಿಯ ಗುಂಡಿಯನ್ನು ಒಮ್ಮೆ ತೋರಿಸಿಕೊಟ್ಟರೆ ಮರುದಿನ ಮನೆಯ ಯಾರಾದರೂ ಚಟ್ನಿ ರುಬ್ಬಿಯಾರು. ವಿಮ್ ಅಷ್ಟು ಸುಲಭವಾಗಿ ಒಲಿಯುವುದಲ್ಲ. ತೆರೆದೊಡನೆ ಅಕ್ಷರವನ್ನೊತ್ತಿದರೆ ಅಕ್ಷರ ಮೂಡದು; ಅಲ್ಲಿ ಅಕ್ಷರಗಳೇ ಆಜ್ಞೆಗಳು. ಬರೆಯಲು ‘ಐ’ ಒತ್ತಬೇಕು, ಆಜ್ಞೆಯ ಸ್ಥಿತಿಗೆ ಮರಳಲು ಎಸ್ಕೇಪ್ ಕೀಲಿ. ಹೊರಬರುವ ದಾರಿ ಕಾಣದೆ ತೊಳಲುವ ಹೊಸಬರನ್ನು ಕುರಿತು ವಿನೋದಗಳಿಗೆ ಲೆಕ್ಕವಿಲ್ಲ. ಪಳಗಿದವರಿಗಾದರೆ ಅದೊಂದು ವ್ಯಾಕರಣ. ‘ಡಿ’ ಎಂಬುದು ಅಳಿಸು ಎಂಬ ಕ್ರಿಯಾಪದ; ‘ಡಬ್ಲ್ಯು’ ಎಂಬುದು ಪದವೆಂಬ ಕರ್ಮ; ನಡುವೆ 3 ಸೇರಿಸಿದರೆ ಮೂರು ಪದಗಳು ಒಮ್ಮೆಗೇ ಅಳಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕಡೆಗೆ ಬಂದರೆ ಇಲ್ಲಿ ಮೊದಲಿಗೇ ಬರುತ್ತದೆ. ಗುರುತುಗೋಲನ್ನು ಎಡಬಲ ಮೇಲೆ ಕೆಳಗೆ ಸರಿಸಲು ‘ಎಚ್, ಜೆ, ಕೆ, ಎಲ್’ ಕೀಲಿಗಳೇ ಏಕೆ? ಜಾಯ್ ಬಳಸಿದ ‘ಎಡಿಎಂ-3ಎ’ ಯಂತ್ರದಲ್ಲಿ ಬಾಣದ ಗುರುತುಗಳನ್ನು ಆ ಕೀಲಿಗಳ ಮೇಲೆಯೇ ಮುದ್ರಿಸಿದ್ದರು. ಯಂತ್ರ ಎಂದೋ ಮೂಲೆ ಸೇರಿತು. ಬೆರಳುಗಳ ಸಂಸ್ಕಾರ ಉಳಿದುಬಂದಿದೆ.

ವಿದ್ಯಾಲಯಗಳನ್ನು ಪೊರೆಯುವ ದಾನಿಗಳಿಗೆ ಇದಕ್ಕಿಂತ ಪ್ರಿಯವಾಗುವ ಸಂಗತಿ ಬೇರೊಂದಿದೆ. ಮೋಲೆನಾರರು 1994ರಲ್ಲಿ ದಕ್ಷಿಣ ಉಗಾಂಡಾದ ಕಿಬಾಲೆ ಎಂಬ ಪುಟ್ಟ ಊರಿನ ಮಕ್ಕಳ ಕೇಂದ್ರದಲ್ಲಿ, ನೀರು ಮತ್ತು ನೈರ್ಮಲ್ಯದ ಎಂಜಿನಿಯರಾಗಿ ಒಂದು ವರ್ಷ ಸ್ವಯಂಸೇವೆ ಮಾಡಿದರು. ಏಡ್ಸ್ ರೋಗ ತಂದೆತಾಯಿಗಳನ್ನು ಕೊಂಡೊಯ್ದು ಮಕ್ಕಳನ್ನು ಅನಾಥರನ್ನಾಗಿಸಿದ್ದ ಸೀಮೆಯದು. ಊರಿಗೆ ಹಿಂದಿರುಗಿದ ಮೇಲೆ ಅವರು ತಮ್ಮ ತಂತ್ರಾಂಶಕ್ಕೆ ಬೆಲೆ ಕಟ್ಟಲಿಲ್ಲ. ಉಪಯೋಗವೆನಿಸಿದವರು ಆ ಮಕ್ಕಳ ವಿದ್ಯೆಗೂ ಆರೋಗ್ಯಕ್ಕೂ ಕೈಲಾದಷ್ಟು ನೀಡಲಿ ಎಂದಷ್ಟೇ ಕೋರಿದರು. 2006ರಲ್ಲಿ ಗೂಗಲ್ ಸಂಸ್ಥೆಯ ಉದ್ಯೋಗ ಸೇರಿದ ಬಳಿಕ, ತಂತ್ರಾಂಶದ ಬೆಳವಣಿಗೆಗೆಂದು ಬಂದ ಹಣವನ್ನೂ ಅಲ್ಲಿಗೇ ಕಳುಹಿಸಿದರು. ದೇಹಿ ಎನ್ನುವವರ ಸಂಕೋಚ ಆ ಕೋರಿಕೆಯಲ್ಲಿರಲಿಲ್ಲ, ಒತ್ತಾಯವೂ ಇರಲಿಲ್ಲ.

2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು; ಅನ್ಯರು ಕೆಲಸವನ್ನು ಮುಂದುವರಿಸಿದ್ದಾರೆ. ಅವರ ಕಾಲದಲ್ಲಿ, ಕಡತದ ಹೆಸರು ಹೇಳದೆ ಬರಿದೇ ವಿಮ್ ತೆರೆದಾಗ, ಉಗಾಂಡಾದ ಮಕ್ಕಳಿಗೆ ನೆರವು ಬೇಡುವ ಒಂದು ಪಂಕ್ತಿ ಪರದೆಯ ನಡುವೆ ಕಾಣಿಸುತ್ತಿತ್ತು. ಮೊದಲ ಕೀಲಿಯನ್ನೊತ್ತಿ ಬರವಣಿಗೆಗೆ ತೊಡಗಿದೊಡನೆ ಅದು ತಾನಾಗಿಯೇ ಮರೆಯಾಗುತ್ತಿತ್ತು.