ಲ್ಯಾಮಿಂಗ್ಟನ್ ರಸ್ತೆಯಲ್ಲಿ ‘ಇದೇ ಯಾಕೆ?’

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರಸ್ತೆ. ಸರ್ಕಾರಿ ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಹಾಗೆಂದರೆ ಟ್ಯಾಕ್ಸಿಯವನು ಮುಖ ನೋಡುತ್ತಾನೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಇದ್ದದ್ದು ಇಲ್ಲೇ. ಈಗ ಜನ ಬರುವುದು ರೆಸಿಸ್ಟರು, ರಿಲೇ, ವೈರುಗಳಿಗೆ.

ಇಲ್ಲಿ ಬರೀ ‘ಕೆಪಾಸಿಟರ್ ಕೊಡಿ’ ಎಂದರೆ ನಡೆಯುವುದಿಲ್ಲ. ಎಷ್ಟು ಮೈಕ್ರೋಫ್ಯಾರಡ್? ಎಷ್ಟು ವೋಲ್ಟ್? 85 ಡಿಗ್ರಿಯದೋ, 105ರದೋ? ಆಫೀಸಿನ ಡಿಸೈನ್ ರಿವ್ಯೂಗಿಂತ ಈ ಕೌಂಟರ್ ಬಿಗಿ.

ನನಗೆ ಬೇಕಿದ್ದದ್ದು ಹಾವೇರಿ ಕಡೆಯ ನಮ್ಮೂರ ಮನೆಯ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಕೆಳಗೇ ತೋರಿಸುವ ಸರ್ಕ್ಯೂಟಿನ ಸಾಮಾನು. ಅಪ್ಪನಿಗೆ ಎಪ್ಪತ್ತಾರು, ಈಗಲೂ ಕಬ್ಬಿಣದ ಏಣಿ ಹತ್ತಿ ಇಣುಕುತ್ತಾರೆ. ಸರ್ಕ್ಯೂಟ್ ಕೆಟ್ಟರೆ ಮತ್ತೆ ಏಣಿಯೇ. ಹಾಗಾಗಿ ಪಟ್ಟಿಯ ಒಂದೊಂದು ಸಾಮಾನಿನ ಮುಂದೆಯೂ ‘ಇದೇ ಯಾಕೆ’ ಎಂದು ಬರೆದುಕೊಂಡಿದ್ದೆ.

ಮೊದಲು 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್ ಇಳಿಸುವ ಮಾತು. ಎಲ್ಲರ ಬಾಯಲ್ಲಿರುವುದು 7805. ಅಗ್ಗ, ಸರಳ. ಆದರೆ ಉಳಿದ 7 ವೋಲ್ಟನ್ನು ಬಿಸಿ ಮಾಡಿ ಕಳೆಯುತ್ತದೆ. ಸರ್ಕ್ಯೂಟಿಗೆ 100 ಮಿಲಿಆಂಪಿಯರ್ ಬೇಕೆಂದರೆ ಬ್ಯಾಟರಿಯಿಂದ ಅಷ್ಟನ್ನೂ ಎಳೆದು, ತನಗೂ ಸ್ವಲ್ಪ ತಿನ್ನುತ್ತದೆ. ಅದೇ ಎಲ್‌ಎಂ 2596 ಥರದ ಸ್ವಿಚಿಂಗ್ ರೆಗ್ಯುಲೇಟರು, ದಕ್ಷತೆ 80 ಶೇಕಡಾ ಎಂದು ಹಿಡಿದರೂ, 52ರ ಸುಮಾರು ಎಳೆಯುತ್ತದೆ. 7 ಆಂಪಿಯರ್ ಅವರ್ ಬ್ಯಾಟರಿ, ಕಾಗದದ ಲೆಕ್ಕದಲ್ಲಿ, ಮೂರು ದಿನದೊಳಗೆ ಮುಗಿಯುವ ಬದಲು ಐದು ದಿನ ದಾಟುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ!

ಆಮೇಲೆ ಕೆಪಾಸಿಟರು. ಚಾರ್ಜಾಗುವಾಗ ಬ್ಯಾಟರಿ 14.4 ವೋಲ್ಟ್ ಮುಟ್ಟುತ್ತದೆ. 16 ವೋಲ್ಟಿನದು ತೀರ ಅಂಚಿಗೆ ಬಂತು, 25ರದು ಇರಲಿ. ಉಷ್ಣತೆಯ ಲೆಕ್ಕ ಇನ್ನೂ ಮುಖ್ಯ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯುಷ್ಯ 10 ಡಿಗ್ರಿ ಇಳಿದಂತೆಲ್ಲ ಹೆಚ್ಚುಕಡಿಮೆ ಇಮ್ಮಡಿ. ತಾರಸಿಯ ಮುಚ್ಚಿದ ಡಬ್ಬಿಯೊಳಗೆ 65 ಡಿಗ್ರಿ ಎಂದುಕೊಳ್ಳಿ. 2000 ಗಂಟೆ ಎಂದು ನಮೂದಾದ 85 ಡಿಗ್ರಿಯದು 8000 ಗಂಟೆ, ಅಂದರೆ ವರ್ಷವೂ ಇಲ್ಲ. 105 ಡಿಗ್ರಿಯದು 32000 ಗಂಟೆ, ಮೂರೂವರೆ ವರ್ಷದ ಮೇಲೆ. ರಾತ್ರಿ ತಂಪಾಗುತ್ತದೆ, ನಿಜ. ಆದರೂ ಒಂದೆರಡು ರೂಪಾಯಿಗೆ ನಾನು ಚೌಕಾಸಿ ಮಾಡಲಿಲ್ಲ.

ಅಂಗಡಿಯವ ಇನ್ನೂ ಒಳ್ಳೆಯದೆಂದು ಅಕ್ಕಿಕಾಳಿನಷ್ಟು ಪುಟ್ಟ ಚಿಪ್ಪೊಂದನ್ನು ತೋರಿಸಿದ. ಚೆಂದವೇ. ಆದರೆ ನಮ್ಮೂರ ಟೀವಿ ರಿಪೇರಿಯವರು ದಪ್ಪ ಸೋಲ್ಡರಿಂಗ್ ಐರನ್ನಿನಲ್ಲಿ ಅದನ್ನು ಬೆಸೆಯುವುದೆಂತು? ಕಾಲುಗಳಿರುವುದನ್ನೇ ಕೇಳಿದೆ.

ಸಂಜೆ ಫೋನಿನಲ್ಲಿ ಅಪ್ಪ ಪಟ್ಟಿಯೆಲ್ಲ ಕೇಳಿ, “ಇವು ಹುಬ್ಬಳ್ಳ್ಯಾಗ ಸಿಗ್ತಾವೇನು?” ಅಂದರು.

“ಸಿಗ್ತಾವ್ರಿ ಅಪ್ಪಾ. ಅದಕ್ಕ ಇವನ್ನ ತೊಗೊಂಡೀನಿ.”