ಕಬ್ಬಿನ ಗದ್ದೆಯ ಮರಿಗಳು

ಕಬ್ಬು ಕಡಿಯುವ ದಿನ ನಾವು ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದೆವು. ಕಬ್ಬು ತಿನ್ನುವ ಆಸೆಗಿಂತ ಗದ್ದೆಯೊಳಗಿಂದ ಏನು ಹೊರಬರುತ್ತದೋ ಎಂಬ ಕುತೂಹಲ ದೊಡ್ಡದು. ಮೊಲ, ಮುಂಗುಸಿ, ಹೆಗ್ಗಣ, ಒಮ್ಮೊಮ್ಮೆ ನಾಗರಹಾವು. ಹತ್ತು ಹನ್ನೆರಡು ತಿಂಗಳು ಆಳೆತ್ತರ ನಿಲ್ಲುವ ಕಬ್ಬು ಅವುಗಳ ಪಾಲಿಗೆ ಕಾಡೇ ಸರಿ. ನಾಲೆ ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾದ ಮೇಲೆ ನಮ್ಮ ಕಡೆಯವರು ಈ ಕಾಡನ್ನು ಪ್ರತಿವರ್ಷ ಬೆಳೆಸಿ ಪ್ರತಿವರ್ಷ ಕಡಿಯುತ್ತ ಬಂದಿದ್ದಾರೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಗದ್ದೆಯ ನಡುವೆ ತರಗಿನ ಮೇಲೆ ಮೂರು ಮರಿಗಳು ಸಿಕ್ಕವು. ಚಿರತೆ ಮರಿ ಎಂದು ಆಳುಗಳು ಮಚ್ಚು ಬಿಸಾಕಿ ಓಡಿದರು. ಅಪ್ಪ ಬಂದು ನೋಡಿ, ಕಾಡುಬೆಕ್ಕಿನವು ಎಂದ. ನಾನೂ ಅಣ್ಣನೂ ಅವನ್ನು ಮಂಕರಿಗೆ ಹಾಕಿಕೊಂಡು ಮನೆಗೆ ತಂದೆವು. ಮರಿಗಳನ್ನು ಕಾಪಾಡಿದೆವು ಎಂದೇ ನಂಬಿದ್ದೆವು. ಸಂಜೆ ಊರ ಹುಡುಗರೆಲ್ಲ ನಮ್ಮ ಜಗಲಿಯ ಮೇಲೆ. ಅಷ್ಟು ಮರ್ಯಾದೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಹಸುವಿನ ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗಿಟ್ಟೆವು. ಎರಡನೇ ದಿನ ಭೇದಿ ಶುರುವಾಯಿತು. ನಾಲ್ಕನೇ ದಿನ ಒಂದು ಸತ್ತಿತು, ವಾರದೊಳಗೆ ಉಳಿದೆರಡೂ. ಬೆಕ್ಕಿನ ಮರಿಗೆ ಹಸುವಿನ ಹಾಲು ಒಗ್ಗುವುದಿಲ್ಲವೆಂದು ಗೊತ್ತಾಗಿದ್ದು ಕಾಲೇಜು ಸೇರಿದ ಮೇಲೆ. ಇಂಥ ಮರಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ಆಮೇಲೇ ತಿಳಿದದ್ದು.

ಗೊತ್ತಿಲ್ಲದೆ ಮಾಡಿದೆವು ಎಂದು ಸುಮ್ಮನಾಗಬಹುದಿತ್ತು. ಆದರೆ ರಾತ್ರಿ ನೀರು ಕಟ್ಟಲು ಹೋದ ಅಪ್ಪ, ಬೋಳಾದ ಗದ್ದೆಯಲ್ಲಿ ಬೆಕ್ಕು ಕೂಗುತ್ತ ಅಲೆಯುತ್ತಿದೆ ಎಂದು ಬಂದು ಹೇಳಿದ್ದ. ಅಜ್ಜಿ ಎದ್ದು ಕೂತು, "ಹೆತ್ತವ್ಳು ಹುಡುಕ್ತಾವ್ಳೆ ಕಣ್ರಪ್ಪಾ, ತಕ್ಕೊಂಡೋಗಿ ಬುಟ್ಬುಡಿ" ಎಂದಳು. ನಾಳೆ ಬಿಡುತ್ತೇವೆ ಎಂದೆವು. ಮೂರು ರಾತ್ರಿಯೂ ಹಾಗೇ ಎಂದೆವು.

ಕಳೆದ ವರ್ಷ ಊರಿಗೆ ಹೋಗಿದ್ದಾಗ ಅಣ್ಣನ ಗದ್ದೆಯಲ್ಲಿ ಕಟಾವು ನಡೆದಿತ್ತು. ಅವನ ಮಗಳು, ಹತ್ತು ವರ್ಷದವಳು, ಓಡಿಬಂದು ನನ್ನನ್ನು ಎಳೆದುಕೊಂಡು ಹೋದಳು. ತರಗಿನಲ್ಲಿ ಎರಡು ಮರಿ, ಕಾಲಿನ ಮೇಲೆ ಮಸುಕು ಪಟ್ಟೆ, ಆಗಷ್ಟೇ ಬಿಟ್ಟ ಕಣ್ಣು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

"ಮುಟ್ಬ್ಯಾಡ ಅತ್ತೆ! ಅದ್ರವ್ವ ಬಂದು ಎತ್ಕೊಂಡೋಯ್ತದೆ."

ಅವಳು ಮೊಬೈಲಿನಲ್ಲಿ ಕಂಡದ್ದಂತೆ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಚಿರತೆ ಮರಿಗಳನ್ನು ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟು ದೂರ ನಿಲ್ಲುತ್ತಾರೆ. ಕತ್ತಲಲ್ಲಿ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತದೆ. ನಮ್ಮ ಕಡೆಯ ಫಾರೆಸ್ಟ್ ಗಾರ್ಡಿಗೆ ಫೋನು ಮಾಡಿದರೆ ಆತನೂ ಇದ್ದಲ್ಲೇ ಬಿಡಿ ಎಂದ.

ಅಣ್ಣ ಗೊಣಗಿದ. ಲಾರಿ ಬಂದು ನಿಂತಿತ್ತು, ಆಳಿನ ಕೂಲಿ ಬೇರೆ. ಕೊನೆಗೆ ಮರಿಗಳ ಸುತ್ತ ನಾಲ್ಕು ಸಾಲು ಬಿಡಿಸಿ ಉಳಿದದ್ದನ್ನು ಕಡಿಸಿದ. ಹುಡುಗಿ ಮತ್ತವಳ ಗೆಳತಿಯರು ಕತ್ತಲಾಗುವವರೆಗೂ ಬದುವಿನ ಮೇಲೆ ಕೂತು ನಾಯಿಗಳನ್ನೂ ಕಾಗೆಗಳನ್ನೂ ಓಡಿಸಿದರು. ಅವರನ್ನು ಮನೆಗೆ ಕರೆತರುವುದೇ ಸಾಕಾಯಿತು. ಅವರು ಅಲ್ಲೇ ಇದ್ದರೆ ತಾಯಿ ಬರುವುದಾದರೂ ಹೇಗೆ?

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಒಂದೇ ಮರಿ, ಬಾಯಿ ತೆರೆದು ಕಿರುಗುಟ್ಟುತ್ತಿತ್ತು. ಹುಡುಗಿ ಅಳತೊಡಗಿದಳು. "ಮನೆಗೆ ತಕ್ಕೊಂಡೋಗನ, ಹಾಲಾಕನ" ಎಂದು ಅಣ್ಣನೇ ಅಂದ. ಮರಿಯ ಹೊಟ್ಟೆ ಒಳಕ್ಕೆ ಹೋಗಿತ್ತು. ನನಗೂ ಎತ್ತಿಕೊಳ್ಳೋಣ ಅನ್ನಿಸಿದ್ದು ನಿಜ. ಅವಳು ಅಳುತ್ತಲೇ ಬೇಡವೆಂದು ತಲೆಯಾಡಿಸಿ, ಬಿಸಿಲು ಬೀಳದಂತೆ ಮೇಲೊಂದಿಷ್ಟು ಸೋಗೆ ಹೊದಿಸಿ ಬಂದು ಬದುವಿನ ಮೇಲೆ ಕೂತಳು. ಇಡೀ ದಿನ.

ಮಾರನೇ ಬೆಳಿಗ್ಗೆ ಅದೂ ಇರಲಿಲ್ಲ. ಸೋಗೆ ಪಕ್ಕಕ್ಕೆ ಸರಿದಿತ್ತು. ರಕ್ತದ ಕಲೆಯಿದೆಯೇ ಎಂದು ನಾನು ಬಗ್ಗಿ ಹುಡುಕಿದೆ, ಕಾಣಲಿಲ್ಲ. ಅವಳು ಹುಡುಕಲೂ ಇಲ್ಲ.

"ನೀವು ಚಿಕ್ಕೋರಿದ್ದಾಗ್ಲೂ ಮರಿ ಸಿಕ್ತಿದ್ವಾ ಅಪ್ಪಾ?"

ಅಣ್ಣ ನನ್ನ ಮುಖ ನೋಡಿದ. "ಸಿಕ್ತಿದ್ವು" ಎಂದು ಮಚ್ಚು ತೆಗೆದುಕೊಂಡು ಉಳಿದ ನಾಲ್ಕು ಸಾಲಿನ ಕಡೆ ನಡೆದ.