ಅಡುಗೆಮನೆಗೂ ಒಂದು ಕಸ್ರ್

ಮನೆಯನ್ನೇ ಗಾಲಿಗಳ ಮೇಲೆ ಇರಿಸಿಕೊಂಡು ಊರೂರು ಸುತ್ತುವ ಹೊರದೇಶದ ಕುಟುಂಬಗಳ ವಿಡಿಯೊಗಳನ್ನು ನಮ್ಮ ಮಕ್ಕಳು ಬಹಳ ದಿನಗಳಿಂದ ನೋಡುತ್ತಿದ್ದರು. ಗಾಡಿಯೊಳಗೇ ಒಲೆ, ಗಾಡಿಯೊಳಗೇ ಹಾಸಿಗೆ, ಕಿಟಕಿ ತೆರೆದರೆ ಎದುರಿಗೆ ಕಾಡು. "ಅಬ್ಬೂ, ನಾವೂ ಹೀಗೆ ಹೋಗೋಣ" ಎಂಬ ಅವರ ಹಟಕ್ಕೆ, ಈದುಲ್ ಫಿತ್ರ್ ಕಳೆದು ಬೇಸಿಗೆ ರಜೆ ಬಂದಾಗ ನಾವು ಮಣಿದೆವು. ಆದರೆ ಮದ್ರಸದ ಶಿಕ್ಷಕನೊಬ್ಬನ ಸಂಬಳಕ್ಕೆ ಎಟುಕುವ ಕ್ಯಾಂಪರ್ ವ್ಯಾನ್ ಎಂದರೆ ಬಾಡಿಗೆಯ ಟೆಂಪೋ ಟ್ರಾವೆಲರ್. ಅದರ ಹಿಂದಿನ ಸೀಟುಗಳ ಮೇಲೆ ಗ್ಯಾಸ್ ಒಲೆ, ಎರಡು ದೇಗ್ಚಿ, ಅಕ್ಕಿ, ಮಸಾಲೆ ಡಬ್ಬಿ, ಈರುಳ್ಳಿಯ ಚೀಲ, ಚಾಪೆಗಳು ಮತ್ತು ಜಾನಮಾಝ್‌ಗಳನ್ನು ಹೇರಿಕೊಂಡೆವು. ಮಕ್ಕಳಿಗೆ ಅಷ್ಟೇ ಸಾಕಾಯಿತು.

ಜ್ಞಾನಭಾರತಿಯಲ್ಲಿ ವಾಸಿಸುವ ನಮಗೆ ಹಸಿರು ಹೊಸದೇನಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಸುಮಾರು 1100 ಎಕರೆಗಳ ಆವರಣ ನಮ್ಮ ಮನೆಗೆ ಸಮೀಪದಲ್ಲೇ ಇದೆ. ಫಜ್ರ್ ನಮಾಝಿನ ಬಳಿಕ ಅಲ್ಲಿಯ ಮರಗಳ ಕೆಳಗೆ ನಡೆಯುವುದು ನಮ್ಮ ನಿತ್ಯದ ರೂಢಿ. ಆದರೆ ಆ ಆವರಣದಲ್ಲೇ ಹರಿಯುವ ವೃಷಭಾವತಿಯನ್ನು ದಾಟುವಾಗ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ನದಿಯೆಂದರೆ ಕಪ್ಪು ನೀರು, ಬಿಳಿ ನೊರೆ ಎಂದೇ ಅವರು ತಿಳಿದಿದ್ದಾರೆ. ಹಕ್ಕಿಗಳು ನಂಬಿ ಗೂಡು ಕಟ್ಟುವ ನದಿಯೊಂದನ್ನು ಅವರಿಗೆ ತೋರಿಸಬೇಕೆಂಬ ಆಸೆಯಿಂದ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಆರಿಸಿಕೊಂಡೆವು.

ಮೂವರು ಪ್ರಯಾಣ ಹೊರಟರೆ ತಮ್ಮಲ್ಲೊಬ್ಬರನ್ನು ಅಮೀರ್ ಆಗಿ ನೇಮಿಸಿಕೊಳ್ಳಬೇಕೆಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ನಾವಾದರೋ ಒಂಬತ್ತು ಮಂದಿ: ಅಮ್ಮಿ, ನಾವು, ನಮ್ಮ ಪತ್ನಿ, ತಮ್ಮ, ಅವನ ಪತ್ನಿ, ಎರಡೂ ಮನೆಯ ನಾಲ್ವರು ಮಕ್ಕಳು. ಈ ಸುನ್ನತನ್ನು ಮಕ್ಕಳಿಗೆ ವಿವರಿಸಿ, ಅಮೀರ್ ಯಾರಾಗಬೇಕೆಂದು ಕೇಳಿದೆವು. ಯಾರೂ ಬೇರೆ ಹೆಸರು ಹೇಳಲಿಲ್ಲ. ನಾವೇ ಅಮೀರ್ ಆದೆವು. ಜನಾಂಗದ ನಾಯಕನೇ ಅದರ ಸೇವಕ ಎಂಬ ಪ್ರಸಿದ್ಧ ಅರಬಿ ಮಾತನ್ನೂ ಸಂಭ್ರಮದಿಂದ ಹೇಳಿದೆವು. ಈರುಳ್ಳಿ ಆರಿಸುತ್ತ ಕುಳಿತಿದ್ದ ಅಮ್ಮಿ ತಲೆ ಎತ್ತಿ, "ಹಾಗಾದರೆ ಈ ಮನೆಗೆ ಐವತ್ತು ವರ್ಷದಿಂದ ನಾನೇ ಅಮೀರ್ ಅಲ್ಲವೇನಪ್ಪ?" ಎಂದು ನಕ್ಕರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆ ಮಾತು ನಮ್ಮನ್ನು ಇರಿಯಬೇಕಿತ್ತು, ಇರಿಯಲಿಲ್ಲ.

ಫಜ್ರ್ ಮುಗಿಸಿ, ಪ್ರಯಾಣದ ದುಆ ಹೇಳಿಸಿ ಹೊರಟೆವು. ಕೆಂಗೇರಿ, ಬಿಡದಿ, ರಾಮನಗರದ ಬಂಡೆಬೆಟ್ಟಗಳು ಹಿಂದೆ ಸರಿದವು. ಅಮೀರರ ಅಪ್ಪಣೆಯಂತೆ ಒಂದೆಡೆ ಗಾಡಿ ನಿಂತಿತು. ಅಮ್ಮಿ, ಪತ್ನಿ, ತಮ್ಮನ ಪತ್ನಿ ಮೂವರೂ ಇಳಿದು ಪರಾಠಾ ಬಡಿಸಿದರು, ಚಹಾ ಸುರಿದರು, ಪಾತ್ರೆ ತೊಳೆದರು. ಅವರು ರಾತ್ರಿ ಎರಡೂವರೆಗೇ ಎದ್ದು ಆ ಪರಾಠಾಗಳನ್ನು ಮಾಡಿದ್ದರೆಂಬುದು ನಮಗೆ ಆಗ ನೆನಪಾಗಲಿಲ್ಲ.

ಬಿಸಿಲೇರುವ ಮುನ್ನ ರಂಗನತಿಟ್ಟನ್ನು ತಲುಪಿದೆವು. 17ನೆಯ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಅಣೆಯಿಂದ ಉಂಟಾದ ನಡುಗಡ್ಡೆಗಳು ಇವು. ಇಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು, ಇದನ್ನು ಪಕ್ಷಿಧಾಮವನ್ನಾಗಿ ಮಾಡುವಂತೆ ಮೈಸೂರು ಅರಸರ ಮನವೊಲಿಸಿದವರು ಪಕ್ಷಿವಿಜ್ಞಾನಿ ಸಾಲಿಂ ಅಲಿಯವರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ ಸೂರಃ ಅಲ್‌ಅನ್‌ಆಮ್‌ನಲ್ಲಿ ತಿಳಿಸುತ್ತದೆ. ಆ ಸಮುದಾಯಗಳ ಪರವಾಗಿ ಅರಸರಲ್ಲಿ ಮಾತನಾಡಿದವರೊಬ್ಬರು ನಮ್ಮವರೆಂದು ಮಕ್ಕಳಿಗೆ ಹೇಳುವಾಗ ನಮಗೆ ಹೆಮ್ಮೆಯೆನಿಸಿತು.

ದೋಣಿಗೆ ಆರು ಟಿಕೆಟ್ ತೆಗೆದುಕೊಂಡೆವು. "ನೀವು ಹೋಗಿ ಬನ್ನಿ, ಮಧ್ಯಾಹ್ನದ ಅಡುಗೆಗೆ ಈರುಳ್ಳಿ ಹೆಚ್ಚಬೇಕು" ಎಂದು ಪತ್ನಿ ಹೇಳಿದ್ದಳು. ಹೌದಲ್ಲವೇ ಎಂದು ನಾವು ಒಪ್ಪಿದ್ದೆವು.

ನೀರಿನ ನಡುವಿನ ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಹೆಜ್ಜಾರ್ಲೆಗಳು, ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಗಳು, ಮರದ ತುಂಬ ಬಣ್ಣದ ಕೊಕ್ಕರೆಗಳು. ಒಂದು ಗೂಡಿನಲ್ಲಿ ತಾಯಿಯೋ ತಂದೆಯೋ ತಿಳಿಯದ ಹಕ್ಕಿಯೊಂದು ರೆಕ್ಕೆಗಳನ್ನು ಅಗಲಿಸಿ ಮರಿಗಳಿಗೆ ನೆರಳು ಮಾಡಿ ನಿಂತಿತ್ತು. ದೋಣಿ ನಡೆಸುವವರು ಹೇಳಿದರು: "ಇವು ಗಂಡು ಹೆಣ್ಣು ಎರಡೂ ಸೇರಿ ಗೂಡು ಕಟ್ತವೆ ಸಾರ್. ಕಾವು ಕೂರೋದೂ ಸರದಿ ಮೇಲೆ, ಮರಿಗೆ ಮೀನು ತರೋದೂ ಸರದಿ ಮೇಲೆ."

ಹತ್ತು ವರ್ಷದ ಮಗಳು ನಮ್ಮ ತೋಳು ಜಗ್ಗಿದಳು. "ಅಬ್ಬೂ, ದಾದಿ ಯಾಕೆ ದೋಣಿಗೆ ಬರಲಿಲ್ಲ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ. ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಅವರನ್ನು ನದಿಯ ದಡಕ್ಕೆ ಕರೆತಂದು, ಗಾಡಿಗಳು ನಿಲ್ಲುವ ಜಾಗದಲ್ಲಿ ಈರುಳ್ಳಿಯ ಮುಂದೆ ಕೂರಿಸಿ ಬಂದಿದ್ದೆವು. ಮಕ್ಕಳು ಬಯಸಿದ್ದು ಗಾಲಿಗಳ ಮೇಲಿನ ಮನೆಯನ್ನು. ನಾವು ಗಾಲಿಗಳ ಮೇಲೆ ಹೊತ್ತು ತಂದದ್ದು ಅಡುಗೆಮನೆಯನ್ನು, ಅದರೊಳಗಿನ ಮೂವರನ್ನೂ ಸೇರಿಸಿ.

ದಡಕ್ಕೆ ಮರಳಿದಾಗ ಅಮ್ಮಿ ಕಣ್ಣೊರೆಸಿಕೊಳ್ಳುತ್ತಿದ್ದರು, ಈರುಳ್ಳಿಯ ಉರಿ. "ಹಕ್ಕಿ ಕಂಡವೇನಪ್ಪ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು. ಇನ್ನೂ ಮೂರು ಟಿಕೆಟ್ ತಂದು ಕೈಗಿತ್ತೆವು. ಮಂಡಿನೋವೆಂದು ಅಮ್ಮಿ ಹಿಂಜರಿದರು, ಮಸಾಲೆ ರುಬ್ಬುವುದಿದೆಯೆಂದು ಪತ್ನಿ ಹಿಂಜರಿದಳು. "ಇದು ಅಮೀರರ ಅಪ್ಪಣೆ" ಎಂದೆವು. ಆ ದಿನ ನಾವು ನೀಡಿದ ಸರಿಯಾದ ಅಪ್ಪಣೆ ಅದೊಂದೇ. ಹದಿನಾರು ವರ್ಷದ ಮಗ ದಾದಿಯ ಕೈಹಿಡಿದು ದೋಣಿಗೆ ಹತ್ತಿಸಿದ. ಈರುಳ್ಳಿಯ ತಟ್ಟೆ ನಮ್ಮ ಮತ್ತು ತಮ್ಮನ ಮುಂದೆ ಬಂತು.

ಮರಳಿ ಬಂದ ಅಮ್ಮಿಯ ಮುಖದಲ್ಲಿ ನಾವು ಹಿಂದೆಂದೂ ಕಾಣದ ಬೆಳಕಿತ್ತು. "ಒಂದು ಹಕ್ಕಿ ಮರಿಗಳಿಗೆ ಬಿಸಿಲು ತಾಗದಂತೆ ಸೆರಗು ಹಿಡಿದ ಹಾಗೆ ನಿಂತಿತ್ತು" ಎಂದರು. ನಾವು ಅದೇ ಹಕ್ಕಿಯನ್ನು ನೋಡಿದ್ದೆವು. ಸೆರಗು ನಮಗೆ ಕಂಡಿರಲಿಲ್ಲ.

ಪಕ್ಷಿಧಾಮದಿಂದ ದೂರ ಬಂದು, ಒಬ್ಬ ರೈತರ ಅನುಮತಿ ಪಡೆದು ಅವರ ತೆಂಗಿನ ತೋಟದಲ್ಲಿ ಒಲೆ ಹೂಡಿದೆವು. "ತರಗು ಗುಡಿಸಿ ಹಚ್ಚಿ, ಬೆಂಕಿ ಜೋಪಾನ" ಎಂದು ಹೇಳಿ, ವುಝೂ ಮಾಡಲು ಅವರೇ ಪಂಪ್‌ಸೆಟ್ ಚಾಲೂ ಮಾಡಿಕೊಟ್ಟರು. ಮೊದಲು ಝುಹ್ರ್ ನಿರ್ವಹಿಸಿದೆವು.

ಪ್ರಯಾಣಿಕರ ನಮಾಝಿನ ಮಸಲೆಯನ್ನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇವೆ. ಹನಫೀ ಫಿಕ್‌ಹ್‌ನಂತೆ ಸುಮಾರು 77 ಕಿಲೋಮೀಟರ್ ದೂರದ ಪ್ರಯಾಣಕ್ಕೆ ಹೊರಟವನು ಊರಿನ ಮೇರೆ ದಾಟಿದೊಡನೆ ಮುಸಾಫಿರ್ ಆಗುತ್ತಾನೆ. ಝುಹ್ರ್, ಅಸ್ರ್, ಇಶಾಗಳ ನಾಲ್ಕು ರಕಅತ್‌ಗಳು ಅವನಿಗೆ ಎರಡಾಗುತ್ತವೆ. ಇದೇ ಕಸ್ರ್. ಇದನ್ನು ಪ್ರವಾದಿಯವರು (ಸ) ಅಲ್ಲಾಹನ ದಾನವೆಂದು ಕರೆದು, ಸ್ವೀಕರಿಸುವಂತೆ ತಿಳಿಸಿದ್ದಾರೆ. ಎರಡನೆಯ ರಕಅತ್‌ನಲ್ಲಿ ಸಲಾಮ್ ಹೇಳಿ ಕುಳಿತಾಗ ನಮ್ಮ ಕುತ್ತಿಗೆ ಬಾಗಿತು. ಪ್ರಯಾಣದ ಆಯಾಸವನ್ನು ಬಲ್ಲ ಅಲ್ಲಾಹನು ತನ್ನ ಹಕ್ಕಿನಲ್ಲೇ ಅರ್ಧವನ್ನು ಬಿಟ್ಟುಕೊಟ್ಟಿದ್ದಾನೆ. ನಾವಾದರೋ ನಮ್ಮ ಊಟದಲ್ಲಿ ಒಂದು ಬಗೆಯನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವರೂ ಮುಸಾಫಿರರೇ. ಅವರ ನಮಾಝ್ ಹಗುರವಾಗಿತ್ತು, ಅವರ ಹೊರೆ ಹಗುರವಾಗಿರಲಿಲ್ಲ.

ಪ್ರವಾದಿವರ್ಯರು (ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಸಮಯವಾದಾಗ ನಮಾಝಿಗೆ ತೆರಳುತ್ತಿದ್ದರು ಎಂದು ಹಝ್ರತ್ ಆಯಿಶಾ (ರ) ತಿಳಿಸಿದ್ದು ಬುಖಾರಿಯಲ್ಲಿದೆ. ಈ ಹದೀಸ್‌ನ ಉತ್ತರಾರ್ಧವನ್ನು ನಾವು ಚೆನ್ನಾಗಿಯೇ ಪಾಲಿಸಿದ್ದೆವು. ಪೂರ್ವಾರ್ಧವನ್ನು ಇತರರಿಗೆ ಬೋಧಿಸಿದ್ದೆವು.

ಅಂದಿನ ಅಡುಗೆ ಗಂಡಸರದ್ದು. ಕುಷ್ಕಾ ತಳ ಹಿಡಿಯಿತು, ಸಾರಿಗೆ ಉಪ್ಪು ಮರೆತುಹೋಯಿತು. ತೆಂಗಿನ ನೆರಳಿನ ಚಾಪೆಯ ಮೇಲೆ ಕಾಲು ಚಾಚಿ ಕುಳಿತ ಅಮ್ಮಿಗೆ ಮಗ ತಟ್ಟೆ ತಂದಿಟ್ಟ. ಬಿಸ್ಮಿಲ್ಲಾಹ್ ಹೇಳಿ ತುತ್ತೆತ್ತಿದ ಅಮ್ಮಿ, "ಬಿಸಿಬಿಸಿ ಊಟ ಮಾಡಿ ಎಷ್ಟು ವರ್ಷವಾಯಿತೋ" ಎಂದರು. ಎಲ್ಲರಿಗೂ ಬಡಿಸಿ ಮುಗಿಸುವಷ್ಟರಲ್ಲಿ ಅವರ ಪಾಲಿನ ಅನ್ನ ದಿನವೂ ಆರಿರುತ್ತಿತ್ತೆಂಬುದನ್ನು ನಾವು ತಿಳಿದದ್ದು ನಲವತ್ತು ದಾಟಿದ ಮೇಲೆ, ಆ ತೋಟದಲ್ಲಿ.

ಸಂಜೆ ಗಂಜಾಮಿನ ಗುಂಬಝ್‌ಗೆ ಹೋದೆವು. ತಂದೆ ಹೈದರ್ ಅಲಿಗಾಗಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಕಟ್ಟಡದಲ್ಲಿ ತಂದೆ, ತಾಯಿ, ಮಗ ಮೂವರೂ ಒಂದೇ ಗುಮ್ಮಟದ ಕೆಳಗೆ ಮಲಗಿದ್ದಾರೆ. ದುಆ ಮುಗಿಸಿ ಹೊರಬರುವಾಗ ಅಮ್ಮಿ ನಮ್ಮ ಭುಜದ ಮೇಲೆ ಕೈಯಿಟ್ಟು ಮೆಟ್ಟಿಲಿಳಿದರು. ಆ ಕೈ ಎಷ್ಟು ಹಗುರವಾಗಿಬಿಟ್ಟಿದೆ!

ಪ್ರಿಯ ಓದುಗರೇ, ಒಂದು ಹೊತ್ತಿನ ತಳಹಿಡಿದ ಅನ್ನದಿಂದ ಐವತ್ತು ವರ್ಷಗಳ ಋಣ ತೀರಿತೆಂದು ನಾವು ಹೇಳುತ್ತಿಲ್ಲ. ಮರುದಿನ ಫಜ್ರ್‌ಗೆ ಎದ್ದಾಗ ಅಡುಗೆಮನೆಯ ದೀಪ ಆಗಲೇ ಉರಿಯುತ್ತಿತ್ತು. ಹಳೆಯ ರೂಢಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಈಗ ಚಹಾ ಮತ್ತು ರಾತ್ರಿಯ ಪಾತ್ರೆಗಳು ನಮ್ಮ ಪಾಲಿಗೆ, ಭಾನುವಾರದ ಅಡುಗೆ ನಮ್ಮ, ತಮ್ಮನ ಮತ್ತು ಮಗನ ಪಾಲಿಗೆ ಬಂದಿದೆ. ಇಷ್ಟೇ ಆಗಿರುವುದು. ಈ ರಜೆಯಲ್ಲಿ ನೀವೂ ಕುಟುಂಬದೊಂದಿಗೆ ಹೊರಡುವಿರಾದರೆ, ಗಾಡಿಗೆ ದೇಗ್ಚಿ ಏರಿಸುವ ಮುನ್ನ ಒಮ್ಮೆ ಕೇಳಿಕೊಳ್ಳಿ: ಈ ಪ್ರಯಾಣ ಮನೆಯವರೆಲ್ಲರಿಗೂ ಪ್ರಯಾಣವೇ?

ಅಲ್ಲಾಹನು ನಮಗೆ ನೀಡಿದ ರಿಯಾಯಿತಿಯನ್ನು ನಮ್ಮ ಆಶ್ರಿತರಿಗೂ ನೀಡುವ ಹೃದಯವನ್ನು ನಮಗೆಲ್ಲ ಅನುಗ್ರಹಿಸಲಿ. ನಮ್ಮ ತಾಯಂದಿರಿಗೆ ಆಯುರಾರೋಗ್ಯವನ್ನು ಕರುಣಿಸಲಿ. ಆಮೀನ್.